ಜೊತೆಯವರ ಪುಸ್ತಕಗಳು



ವರ್ಷದ ಕೊನೆಯ ವಾರಗಳಲ್ಲಿ ಪತ್ರಿಕೆಗಳ ಭಾನುವಾರದ ಪುರವಣಿಗಳು ಲೇಖಕರನ್ನು ಒಂದು ಪ್ರಶ್ನೆ ಕೇಳುತ್ತವೆ: ಈ ವರ್ಷ ನೀವು ಓದಿದ ಒಳ್ಳೆಯ ಪುಸ್ತಕಗಳು ಯಾವುವು? ಐದು ಹೆಸರು, ಹೆಚ್ಚೆಂದರೆ ಹತ್ತು. ಲೇಖಕರು ಕೊಡುತ್ತಾರೆ, ಅದು ಅಚ್ಚಾಗುತ್ತದೆ, ಓದುಗರು ಕಣ್ಣಾಡಿಸುತ್ತಾರೆ. ಇವತ್ತು ನಾನು ಮಾತಾಡಬೇಕೆಂದಿರುವುದು ಆ ಪಟ್ಟಿಯ ಬಗ್ಗೆ. ಧಾರವಾಡದ ಈ ದತ್ತಿ ಉಪನ್ಯಾಸಕ್ಕೆ ಇದು ತೀರ ಸಣ್ಣ ವಿಷಯವಾಯಿತು ಎಂದು ಯಾರಿಗಾದರೂ ಅನ್ನಿಸಿದರೆ, ನನಗೆ ಹಾಗನ್ನಿಸಿಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಕನ್ನಡದಲ್ಲಿ ಹೊಸಬರೊಬ್ಬರ ಪುಸ್ತಕ ನಾಲ್ಕು ಜನರ ಕೈಗೆ ಹೋಗುತ್ತದೋ, ಅವರ ಮನೆಯ ಮಂಚದ ಕೆಳಗೇ ಗಂಟು ಬಿಚ್ಚದೆ ಉಳಿಯುತ್ತದೋ ಎಂಬುದು ಬಹಳ ಸಲ ನಿರ್ಧಾರವಾಗುವುದು ಅದನ್ನು ಇನ್ನೊಬ್ಬ ಲೇಖಕರು ಯಾವಾಗ ಓದಿದರು, ಓದಿ ಯಾರೆದುರು ಹೇಳಿದರು ಎಂಬುದರಿಂದ.

ನಾನು ಓದಿದ್ದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುವ ರೂಢಿ ಇಟ್ಟುಕೊಂಡಿದ್ದೇನೆ. ಪುಸ್ತಕದ ಹೆಸರು, ಬರೆದವರು, ಪ್ರಕಾಶಕರು ಯಾವ ಊರಿನವರು, ಪುಸ್ತಕ ನನ್ನ ಕೈಗೆ ಹೇಗೆ ಬಂತು: ಕೊಂಡದ್ದೋ, ಗ್ರಂಥಾಲಯದ್ದೋ, ಗೌರವ ಪ್ರತಿಯೋ. ಈ ಕೊನೆಯ ವಿವರ ಬಹಳ ಕಲಿಸುತ್ತದೆ. ವರ್ಷ ಮುಗಿದಾಗ ಆ ಸಾಲನ್ನು ಮೇಲಿಂದ ಕೆಳಗೆ ಓದಿದರೆ, ನಾನು ಏನು ಓದಬೇಕೆಂದು ತೀರ್ಮಾನ ಮಾಡಿದವರು ಯಾರು ಎಂಬುದು ಗೊತ್ತಾಗುತ್ತದೆ. ಕೆಲವು ಪುಸ್ತಕಗಳನ್ನು ಪ್ರಶಸ್ತಿ ಸಮಿತಿ ಓದಿಸಿರುತ್ತದೆ. ಕೆಲವನ್ನು ಅಂಗಡಿಯ ಎದುರು ಕಪಾಟು ಓದಿಸಿರುತ್ತದೆ. ಕೆಲವನ್ನು ಸ್ನೇಹ, ಕೆಲವನ್ನು ದಾಕ್ಷಿಣ್ಯ. ನಾನಾಗಿ ಹುಡುಕಿಕೊಂಡು ಹೋಗಿ ಓದಿದ್ದು ಎಷ್ಟು ಎಂದು ಕೇಳಿಕೊಂಡ ಮೇಲೆ ಒಂದು ನಿಯಮ ಮಾಡಿಕೊಂಡೆ. ಪಟ್ಟಿಯ ಅರ್ಧ ಭಾಗ ಈಗ ನಮ್ಮ ನಡುವೆ ಬದುಕಿ ಬರೆಯುತ್ತಿರುವವರಿಗೆ, ಅದರಲ್ಲೂ ಸ್ವಂತ ಖರ್ಚಿನಲ್ಲಿ ಅಥವಾ ಸಣ್ಣ ಪ್ರಕಾಶನಗಳಿಂದ ಪುಸ್ತಕ ತಂದವರಿಗೆ ಮೀಸಲು. ಪಂಪ, ಕುಮಾರವ್ಯಾಸ, ಟಾಲ್‌ಸ್ಟಾಯ್ ನನಗಾಗಿ ಕಾಯುತ್ತಾರೆ. ಈ ವರ್ಷ ಮೊದಲ ಕಥಾಸಂಕಲನ ತಂದ ಹುಡುಗಿಗೆ ಅಷ್ಟು ಸಮಯವಿಲ್ಲ.

ಈ ನಿಯಮದ ಹಿಂದೆ ನಮ್ಮ ಭಾಷೆಯ ಇತಿಹಾಸವಿದೆ. ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದ್ದು ಎಂದರೆ ಮೂಗು ಮುರಿಯುವವರು ಇವತ್ತೂ ಇದ್ದಾರೆ. ಅವರು ಕನ್ನಡದ ಕಪಾಟನ್ನು ಇನ್ನೊಮ್ಮೆ ನೋಡಬೇಕು. ಹಾವೇರಿ ಸೀಮೆಯ ಗಳಗನಾಥರು, ಅಂದರೆ ವೆಂಕಟೇಶ ತಿರಕೋ ಕುಲಕರ್ಣಿಯವರು, ತಮ್ಮ ಕಾದಂಬರಿಗಳನ್ನು ಹೊತ್ತುಕೊಂಡು ಊರೂರು ತಿರುಗಿ ಮಾರಿದರು. ಓದುಗರೇ ಇಲ್ಲ ಎನ್ನುವಂತಿದ್ದ ಕಾಲದಲ್ಲಿ ಮನೆಮನೆಯ ಕಟ್ಟೆಯ ಮೇಲೆ ಓದುಗರನ್ನು ಹುಟ್ಟಿಸಿದವರು ಅವರು. ಕುವೆಂಪು ಅವರ ಅನೇಕ ಪುಸ್ತಕಗಳು ಮೈಸೂರಿನ ಅವರ ಮನೆಯ ಹೆಸರಿನ ‘ಉದಯರವಿ’ಯಿಂದಲೇ ಬಂದವು. ಶಿವರಾಮ ಕಾರಂತರು ಪುತ್ತೂರಿನಲ್ಲಿ ಮುದ್ರಣಾಲಯವನ್ನೇ ನಡೆಸಿದರು. ಜಿ.ಪಿ. ರಾಜರತ್ನಂ ‘ಶಾಕ್ಯ ಸಾಹಿತ್ಯ ಮಂಟಪ’ದ ಹೆಸರಿನಲ್ಲಿ ಪ್ರಕಟಿಸಿದರು, ತಮ್ಮ ವಿದ್ಯಾರ್ಥಿಗಳ ಕೈಯಲ್ಲಿ ಬರೆಸಿದರು, ಚೀಲದಲ್ಲಿ ಕನ್ನಡ ಪುಸ್ತಕ ತುಂಬಿಕೊಂಡು ಹೋಗಿ ಮಾರಿದರು. ತೇಜಸ್ವಿಯವರ ಪುಸ್ತಕಗಳಿಗೆ ‘ಪುಸ್ತಕ ಪ್ರಕಾಶನ’ ಎಂಬ ತಮ್ಮದೇ ಮನೆಯಿತ್ತು. ಇವರಲ್ಲಿ ಯಾರನ್ನು ತೆಗೆದು ಬದಿಗಿಟ್ಟರೂ ಆಧುನಿಕ ಕನ್ನಡ ಸಾಹಿತ್ಯ ಬಡವಾಗುತ್ತದೆ. ಹಾಗಾಗಿ ಸ್ವತಂತ್ರ ಲೇಖಕರು ಎಂದರೆ ಮುಖ್ಯವಾಹಿನಿಯ ಹೊರಗೆ ನಿಂತವರು ಎಂಬ ಮಾತು ಬೇರೆ ದೇಶಗಳಿಗೆ ಸಲ್ಲಬಹುದು, ನಮಗೆ ಸಲ್ಲುವುದಿಲ್ಲ. ನಮ್ಮಲ್ಲಿ ಅದೇ ಮುಖ್ಯವಾಹಿನಿಯಾಗಿತ್ತು.

ಆದರೆ ಅಚ್ಚು ಹಾಕಿಸುವುದು ಅರ್ಧ ಕೆಲಸ. ಇನ್ನರ್ಧ ಆಗದೆ ಹೋದಾಗ ಏನಾಗುತ್ತದೆ ಎಂಬುದಕ್ಕೆ ನಂಜನಗೂಡು ತಿರುಮಲಾಂಬ ಅವರ ಬದುಕನ್ನು ಸ್ವಲ್ಪ ನಿಧಾನವಾಗಿ ನೋಡಬೇಕೆಂದು ಕೇಳಿಕೊಳ್ಳುತ್ತೇನೆ.

1887ರಲ್ಲಿ ಹುಟ್ಟಿದವರು. ಬಾಲ್ಯದಲ್ಲೇ ಮದುವೆ, ಹದಿಹರೆಯದಲ್ಲೇ ವೈಧವ್ಯ. ಅಂದಿನ ಸಮಾಜ ಅಂಥ ಹುಡುಗಿಗೆ ಉಳಿಸಿದ್ದು ಅಡುಗೆಮನೆ ಮತ್ತು ದೇವರಮನೆ. ವಕೀಲರಾಗಿದ್ದ ತಂದೆ ಮನೆಯಲ್ಲೇ ಓದು ಕಲಿಸಿದರು. ಆ ಓದಿನಿಂದ ಅವರು ಎಲ್ಲಿಗೆ ಹೋದರು ನೋಡಿ. 1913ರಲ್ಲಿ ‘ಸುಶೀಲೆ’ ಕಾದಂಬರಿ ಬಂತು. ಅದೇ ಹೊತ್ತಿಗೆ ‘ಸತೀಹಿತೈಷಿಣೀ’ ಎಂಬ ಗ್ರಂಥಮಾಲೆಯನ್ನು ತಾವೇ ಶುರು ಮಾಡಿದರು. ಆಮೇಲೆ ‘ಕರ್ನಾಟಕ ನಂದಿನಿ’ ಎಂಬ ಪತ್ರಿಕೆ, ಅದರ ನಂತರ ‘ಸನ್ಮಾರ್ಗದರ್ಶಿ’. ಬರೆಯುವವರು, ಸಂಪಾದಿಸುವವರು, ಪ್ರಕಟಿಸುವವರು, ಎಲ್ಲ ಅವರೇ. ಹೆಣ್ಣುಮಕ್ಕಳಿಗೆ ಮನೆಯಲ್ಲೇ ಪಾಠ ಹೇಳುತ್ತಿದ್ದವರು, ಬೇರೆ ಹೆಂಗಸರ ಬರಹಕ್ಕೂ ತಮ್ಮ ಮಾಲೆಯಲ್ಲಿ ಜಾಗ ಮಾಡಿದರು. ಇಪ್ಪತ್ತಕ್ಕೂ ಹೆಚ್ಚು ಕೃತಿಗಳನ್ನು ಬರೆದರು.

ಆಮೇಲೆ ನಿಲ್ಲಿಸಿದರು. ಅವರು ತೀರಿಕೊಂಡದ್ದು 1982ರಲ್ಲಿ, ತೊಂಬತ್ತೈದರ ಹತ್ತಿರದ ವಯಸ್ಸಿನಲ್ಲಿ. ಅಂದರೆ ಬರಹ ನಿಂತ ಮೇಲೆ ದಶಕಗಳ ಕಾಲ ಅವರು ನಮ್ಮ ನಡುವೆಯೇ ಇದ್ದರು. ನವೋದಯದ ಏರು ಕಾಲ ಕಳೆಯಿತು, ಪ್ರಗತಿಶೀಲ ಬಂತು, ನವ್ಯ ಬಂತು, ಬಂಡಾಯ ಬಂತು. ಆಧುನಿಕ ಕನ್ನಡದ ಮೊದಲ ಲೇಖಕಿ, ಪತ್ರಕರ್ತೆ, ಪ್ರಕಾಶಕಿ ಎಂದು ಇವತ್ತು ನಾವು ಕರೆಯುವ ಹೆಣ್ಣುಮಗಳು ಇಷ್ಟೂ ಕಾಲ ಮೌನವಾಗಿ ಬದುಕಿದ್ದರು. ಅವರನ್ನು ಗಂಭೀರವಾಗಿ ಓದಿ, ಅವರ ಹೆಜ್ಜೆಗಳನ್ನು ಗುರುತಿಸಲು ವಿಜಯಾ ದಬ್ಬೆ ಅವರಂಥ ಇನ್ನೊಬ್ಬ ಬರಹಗಾರ್ತಿ ಬರಬೇಕಾಯಿತು. ದಬ್ಬೆಯವರ ‘ಹಿತೈಷಿಣಿಯ ಹೆಜ್ಜೆಗಳು’ ಓದಿದವರಿಗೆ, ಒಬ್ಬ ಲೇಖಕಿ ಇನ್ನೊಬ್ಬಳನ್ನು ಪಕ್ಕದಲ್ಲಿ ಕುಳಿತು ಓದುವುದೆಂದರೆ ಏನೆಂದು ಗೊತ್ತು. ನನ್ನ ಕೊರಗು ಒಂದೇ. ಅಂಥ ಓದು ತಿರುಮಲಾಂಬ ಅವರ ಕೈಯಲ್ಲಿ ಲೇಖನಿ ಇದ್ದಾಗಲೇ ಅವರಿಗೆ ಸಿಗಬೇಕಿತ್ತು. ಮಹಿಳೆಯರಿಗಾಗಿ ‘ಸರಸ್ವತಿ’ ಪತ್ರಿಕೆಯನ್ನು 1921ರಿಂದ ನಾಲ್ಕು ದಶಕಕ್ಕೂ ಹೆಚ್ಚು ಕಾಲ ನಡೆಸಿದ ಆರ್. ಕಲ್ಯಾಣಮ್ಮನವರ ಬಗ್ಗೆಯೂ ಈ ಮಾತನ್ನು ಸ್ವಲ್ಪ ಬೇರೆ ರೀತಿಯಲ್ಲಿ ಹೇಳಬಹುದು.

ಬದುಕಿರುವಾಗಲೇ ಓದಿಸಿಕೊಂಡ ಒಬ್ಬರ ಕಥೆಯನ್ನೂ ಹೇಳುತ್ತೇನೆ, ಏಕೆಂದರೆ ಅದರ ಒಂದು ತುದಿ ಈ ಊರಿನಲ್ಲಿದೆ.

ಕೊಡಗಿನ ಗೌರಮ್ಮ ಹುಟ್ಟಿದ್ದು 1912ರಲ್ಲಿ. 1939ರಲ್ಲಿ ಈಜುವಾಗ ನೀರಿನಲ್ಲಿ ಮುಳುಗಿ ತೀರಿಕೊಂಡರು. ವಯಸ್ಸು ಇಪ್ಪತ್ತೇಳು. ವಿಧವೆಯರ ಪಾಡು, ಬಾಲ್ಯವಿವಾಹ, ಗಂಡಸು ಹೆಂಗಸಿಗೆ ಬೇರೆ ಬೇರೆಯಾಗಿರುವ ನೀತಿ, ಇವನ್ನೆಲ್ಲ ಅವರು ಅಬ್ಬರವಿಲ್ಲದೆ, ಅಳುಕಿಲ್ಲದೆ ಕಥೆ ಮಾಡಿದರು. ಮನೆಗೆಲಸದ ನಡುವೆ, ದೊಡ್ಡ ಸಾಹಿತ್ಯ ಕೇಂದ್ರಗಳಿಂದ ಬಹು ದೂರದಲ್ಲಿ ಕುಳಿತು ಬರೆಯುತ್ತಿದ್ದ ಈ ಹೆಣ್ಣುಮಗಳನ್ನು ಧಾರವಾಡದ ಬೇಂದ್ರೆಯವರು ಓದಿದರು. ಓದಿ, ತಂಗಿ ಎಂದು ಕರೆದರು. 1922ರಲ್ಲಿ ಈ ಊರಿನಲ್ಲಿ ಗೆಳೆಯರ ಗುಂಪು ಕಟ್ಟಿದ ಮನುಷ್ಯನಿಗೆ ಜೊತೆಯವರ ಬರಹ ಓದುವುದು ಉಸಿರಾಟದಷ್ಟೇ ಸಹಜವಾಗಿತ್ತು. ಗೌರಮ್ಮ ತೀರಿಕೊಂಡ ಮೇಲೆ ‘ಕಂಬನಿ’ ಎಂಬ ಹೆಸರಿನಲ್ಲಿ ಅವರ ಕಥೆಗಳು ಪುಸ್ತಕವಾದವು. ಬೇಂದ್ರೆಯವರು ‘ತಂಗಿ ಗೌರಮ್ಮ’ ಎಂಬ ಕವಿತೆ ಬರೆದರು. ಗೌರಮ್ಮ ಬದುಕಿದ್ದ ಚಿಕ್ಕ ಅವಧಿಯಲ್ಲಿ, ತನ್ನನ್ನು ಸರೀಕಳಂತೆ ಓದುವ ಕವಿಯೊಬ್ಬ ಇದ್ದಾನೆಂಬುದು ಅವರಿಗೆ ತಿಳಿದಿತ್ತು. ಇದು ಎಷ್ಟು ದೊಡ್ಡದು ಎಂಬುದನ್ನು ಒಂಟಿಯಾಗಿ ಬರೆದವರಷ್ಟೇ ಬಲ್ಲರು.

ಇಲ್ಲಿಂದ ಒಂದು ಎಳೆ ಹೊರಡುತ್ತದೆ. ಎಂಟು ದಶಕಗಳ ನಂತರ, ಕೊಡಗಿನವರೇ ಆದ ದೀಪಾ ಭಾಸ್ತಿ ಗೌರಮ್ಮನವರ ಕಥೆಗಳನ್ನು ಇಂಗ್ಲಿಷಿಗೆ ಅನುವಾದಿಸಿದರು. 2023ರಲ್ಲಿ ಆ ಪುಸ್ತಕ ಬಂತು, ಅದೂ ದೆಹಲಿಯ ಯೋಡಾ ಪ್ರೆಸ್ ಎಂಬ ಸಣ್ಣ ಸ್ವತಂತ್ರ ಪ್ರಕಾಶನದಿಂದ. ಅದೇ ಅನುವಾದಕಿ ಹಾಸನದ ಬಾನು ಮುಷ್ತಾಕ್ ಅವರ ಹನ್ನೆರಡು ಕಥೆಗಳನ್ನು ಆರಿಸಿಕೊಂಡು ‘ಹಾರ್ಟ್ ಲ್ಯಾಂಪ್’ ಮಾಡಿದರು. 2025ರ ಮೇ ತಿಂಗಳಲ್ಲಿ ಅದಕ್ಕೆ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದದ್ದು ನಿಮಗೆಲ್ಲ ಗೊತ್ತೇ ಇದೆ. ಆ ಪ್ರಶಸ್ತಿ ಪಡೆದ ಮೊದಲ ಕನ್ನಡ ಕೃತಿ, ಮೊದಲ ಕಥಾಸಂಕಲನ. ಐವತ್ತು ಸಾವಿರ ಪೌಂಡ್ ಹಣ ಲೇಖಕಿಗೂ ಅನುವಾದಕಿಗೂ ಸಮನಾಗಿ ಹಂಚಿಕೆಯಾಯಿತು.

ಅವತ್ತು ನಾವೆಲ್ಲ ಹೆಮ್ಮೆಪಟ್ಟೆವು, ಪಡಬೇಕಾದದ್ದೇ. ಆದರೆ ಆ ಸಂಕಲನದ ಕಥೆಗಳು 1990ರಿಂದ 2023ರವರೆಗೆ ಬರೆದವು. ಬಂಡಾಯ ಚಳವಳಿಯ ಕಾಲದಿಂದ ಬಾನು ಅವರು ಬರೆಯುತ್ತಲೇ ಇದ್ದರು. ‘ಲಂಕೇಶ್ ಪತ್ರಿಕೆ’ಗೆ ವರದಿಗಾರ್ತಿಯಾಗಿದ್ದರು, ವಕೀಲಿ ಮಾಡಿದರು, ಸಾಮಾಜಿಕ ಬಹಿಷ್ಕಾರವನ್ನೂ ಎದುರಿಸಿದರು. ಅವರ ‘ಕರಿ ನಾಗರಗಳು’ ಕಥೆಯನ್ನು ಗಿರೀಶ ಕಾಸರವಳ್ಳಿ ‘ಹಸೀನಾ’ ಎಂಬ ಸಿನಿಮಾ ಮಾಡಿದರು. ಇಷ್ಟೆಲ್ಲ ಇದ್ದರೂ, ಪ್ರಶಸ್ತಿ ಬಂದ ವಾರ ಪುಸ್ತಕದಂಗಡಿಗಳಿಗೆ ಹೋಗಿ ಬಾನು ಮುಷ್ತಾಕ್ ಅವರ ಕನ್ನಡ ಪುಸ್ತಕ ಕೊಡಿ ಎಂದು ಮೊದಲ ಸಲ ಕೇಳಿದ ಕನ್ನಡಿಗರು ಅನೇಕರು. ಲಂಡನ್ನಿನಿಂದ ಸುದ್ದಿ ಬರುವವರೆಗೆ ಹಾಸನದ ಲೇಖಕಿಯೊಬ್ಬರನ್ನು ಓದಲು ನಾವು ಕಾಯಬೇಕಿರಲಿಲ್ಲ. ಮೂವತ್ತು ವರ್ಷಗಳ ಡಿಸೆಂಬರ್ ಪಟ್ಟಿಗಳಲ್ಲಿ ಅವರ ಹೆಸರು ಬರಬೇಕಿದ್ದ ಸಂದರ್ಭಗಳು ಹಲವು ಬಂದು ಹೋಗಿದ್ದವು.

‘ಹಾರ್ಟ್ ಲ್ಯಾಂಪ್’ ಬಗ್ಗೆ ಇನ್ನೊಂದು ವಿವರ ಇದೆ, ನಮ್ಮಲ್ಲಿ ಹೆಚ್ಚು ಚರ್ಚೆಯಾಗದ್ದು. ಅದನ್ನು ಪ್ರಕಟಿಸಿದ ‘ಆ್ಯಂಡ್ ಅದರ್ ಸ್ಟೋರೀಸ್’ ಇಂಗ್ಲೆಂಡಿನ ಶೆಫೀಲ್ಡ್ ನಗರದ ಸಣ್ಣ ಪ್ರಕಾಶನ. ಲಾಭಕ್ಕಾಗಿ ನಡೆಯುವ ಸಂಸ್ಥೆಯಲ್ಲ. ಓದುಗರು ಮೊದಲೇ ಚಂದಾ ಕಟ್ಟುತ್ತಾರೆ, ವರ್ಷದ ಪುಸ್ತಕಗಳು ಅವರ ಮನೆಗೆ ಬರುತ್ತವೆ. ಯಾರ ಚಂದಾದಿಂದ ಪುಸ್ತಕ ಸಾಧ್ಯವಾಯಿತೋ ಆ ಓದುಗರ ಹೆಸರುಗಳು ಪುಸ್ತಕದಲ್ಲೇ ಅಚ್ಚಾಗುತ್ತವೆ. ಇದನ್ನು ತಿಳಿದಾಗ ನನ್ನ ಮನಸ್ಸು ನೇರವಾಗಿ ಈ ಊರಿನ ಸುಭಾಷ್ ರಸ್ತೆಯಲ್ಲಿರುವ ಮನೋಹರ ಗ್ರಂಥಮಾಲೆಯ ಅಟ್ಟಕ್ಕೆ ಬಂತು.

ಜಿ.ಬಿ. ಜೋಶಿಯವರು ಮನೋಹರ ಗ್ರಂಥಮಾಲೆ ಶುರು ಮಾಡಿದ್ದು 1933ರಲ್ಲಿ. ಊರೂರು ಸುತ್ತಿ ಚಂದಾದಾರರನ್ನು ಕೂಡಿಸಿದರು. ಚಂದಾ ಕಟ್ಟುವವರಿಗೆ ಮುಂದೆ ಯಾವ ಪುಸ್ತಕ ಬರುತ್ತದೆಂದು ಗೊತ್ತಿರುತ್ತಿರಲಿಲ್ಲ. ಒಳ್ಳೆಯದೇ ಬರುತ್ತದೆಂದು ನಂಬಿದ್ದರು. ಅದರ ಬಲದ ಮೇಲೆ ಜೋಶಿಯವರೂ ಕೀರ್ತಿನಾಥ ಕುರ್ತಕೋಟಿಯವರೂ ಹೆಸರೇ ಕೇಳದ ಹುಡುಗರ ಹಸ್ತಪ್ರತಿಗಳನ್ನು ಕೈಗೆತ್ತಿಕೊಂಡರು. ಇಪ್ಪತ್ತರ ಆಚೀಚಿನ ಗಿರೀಶ ಕಾರ್ನಾಡರ ‘ಯಯಾತಿ’ 1961ರಲ್ಲಿ ಇಲ್ಲಿಂದ ಬಂತು. ಅನಂತಮೂರ್ತಿಯವರ ‘ಸಂಸ್ಕಾರ’ 1965ರಲ್ಲಿ. ಶಿಕಾಗೋದಲ್ಲಿ ಕುಳಿತು ಕನ್ನಡದಲ್ಲಿ ಬರೆಯುತ್ತಿದ್ದ ಎ.ಕೆ. ರಾಮಾನುಜನ್ ಅವರ ‘ಹೊಕ್ಕುಳಲ್ಲಿ ಹೂವಿಲ್ಲ’ 1969ರಲ್ಲಿ. ಒಬ್ಬ ಪ್ರಾಥಮಿಕ ಶಾಲೆಯ ಮಾಸ್ತರು, ಒಬ್ಬ ತಾಲೂಕು ಕಚೇರಿಯ ಗುಮಾಸ್ತರು, ಒಬ್ಬ ಅಡತಿ ಅಂಗಡಿಯ ಮಾಲೀಕರು ವರ್ಷಕ್ಕೊಮ್ಮೆ ಕೊಟ್ಟ ಕೆಲವು ರೂಪಾಯಿಗಳು ಸೇರಿ ಈ ಪುಸ್ತಕಗಳಾಗಿವೆ. ಶೆಫೀಲ್ಡಿನ ಓದುಗರು ಬಾನು ಅವರ ಬೆನ್ನಿಗೆ ನಿಂತ ರೀತಿಯಲ್ಲೇ ಧಾರವಾಡ ಸೀಮೆಯ ಚಂದಾದಾರರು ಕಾರ್ನಾಡರ ಬೆನ್ನಿಗೆ ನಿಂತಿದ್ದರು, ಅದೂ ಆರು ದಶಕ ಮೊದಲೇ. ನಮ್ಮ ಕೈಯಲ್ಲೇ ಇದ್ದ ವಿದ್ಯೆ ಇದು. ಅದನ್ನು ಮತ್ತೆ ದೊಡ್ಡ ಪ್ರಮಾಣದಲ್ಲಿ ಬಳಕೆಗೆ ತರಬಾರದೇಕೆ ಎಂದು ಈ ಸಭೆಯ ಮುಂದೆ ಕೇಳುತ್ತಿದ್ದೇನೆ.

ಲೇಖಕರೇ ಲೇಖಕರಿಗೆ ಜಾಗ ಮಾಡಿಕೊಟ್ಟ ಉದಾಹರಣೆಗಳು ಕನ್ನಡದಲ್ಲಿ ಸಾಲುಗಟ್ಟಿವೆ. ಅಡಿಗರ ‘ಸಾಕ್ಷಿ’ ಪತ್ರಿಕೆ, ಧಾರವಾಡದ್ದೇ ಆದ ‘ಸಂಕ್ರಮಣ’ ಪತ್ರಿಕೆ, ಹೆಗ್ಗೋಡಿನಲ್ಲಿ ಸುಬ್ಬಣ್ಣನವರ ಅಕ್ಷರ ಪ್ರಕಾಶನ, ವಿವೇಕ ಶಾನಭಾಗರು 2005ರಿಂದ ಏಳು ವರ್ಷ ನಡೆಸಿದ ‘ದೇಶ ಕಾಲ’ ಪತ್ರಿಕೆ. ಇವುಗಳ ಚರಿತ್ರೆ ನಿಮಗೆ ತಿಳಿದದ್ದೇ, ನಾನು ಮತ್ತೆ ಹೇಳುವುದಿಲ್ಲ. ಇತ್ತೀಚಿನ ಒಂದನ್ನು ಮಾತ್ರ ಹೆಸರಿಸುತ್ತೇನೆ. ಕಥೆಗಾರ ವಸುಧೇಂದ್ರ ಅವರು ‘ಛಂದ ಪುಸ್ತಕ’ ಕಟ್ಟಿದಾಗ ಅದನ್ನು ತಮ್ಮ ಕೃತಿಗಳಿಗಷ್ಟೇ ಸೀಮಿತ ಮಾಡಬಹುದಿತ್ತು. ಅವರು ಹೊಸ ಕಥೆಗಾರರಿಂದ ಹಸ್ತಪ್ರತಿ ಕರೆದರು. ಇನ್ನೂ ಒಂದೂ ಸಂಕಲನ ತರದವರ ಕಥೆಗಳನ್ನು ಹಿರಿಯ ಲೇಖಕರಿಂದ ಓದಿಸಿ, ಆರಿಸಿ, ಬಹುಮಾನ ಕೊಟ್ಟು, ಪುಸ್ತಕ ಮಾಡಿದರು. ಶಾಂತಿ ಕೆ. ಅಪ್ಪಣ್ಣ ಅವರ ‘ಮನಸು ಅಭಿಸಾರಿಕೆ’ ಹಾಗೆ ಬಂದು, 2017ರಲ್ಲಿ ಸಾಹಿತ್ಯ ಅಕಾಡೆಮಿಯ ಯುವ ಪುರಸ್ಕಾರ ಪಡೆಯಿತು. ಇದರಲ್ಲಿ ನಾನು ಹೆಚ್ಚು ಬೆಲೆ ಕೊಡುವುದು ಪ್ರಶಸ್ತಿಗಲ್ಲ. ಹಸ್ತಪ್ರತಿ ಕಳಿಸಿ ಆಯ್ಕೆಯಾಗದವರ ಕಥೆಯನ್ನೂ ಯಾರೋ ಒಬ್ಬರು ಹಿರಿಯರು ಕುಳಿತು ಪೂರ್ತಿ ಓದಿರುತ್ತಾರಲ್ಲ, ಅದಕ್ಕೆ.

ಈಗ ವ್ಯವಹಾರದ ಮಾತಿಗೆ ಬರುತ್ತೇನೆ. ಲೇಖಕರು ಹಣದ ಮಾತು ಆಡಬಾರದೆಂಬ ಸಂಕೋಚ ನಮ್ಮಲ್ಲಿದೆ. ಅದನ್ನು ಇವತ್ತು ಬದಿಗಿಡೋಣ.

ಒಂದು ಕಾಲಕ್ಕೆ ಮೊದಲ ಮುದ್ರಣ ಎಂದರೆ ಸಾವಿರ ಪ್ರತಿ ಎಂಬುದು ರೂಢಿ. ಅದು ಐದುನೂರಕ್ಕೆ, ಮುನ್ನೂರಕ್ಕೆ ಇಳಿಯಿತು. ಡಿಜಿಟಲ್ ಮುದ್ರಣ ಬಂದ ಮೇಲೆ ನೂರು ಪ್ರತಿ ಹಾಕಿಸಿ, ಬೇಡಿಕೆ ನೋಡಿ ಮತ್ತೆ ಹಾಕಿಸುವುದು ಸಾಧ್ಯವಾಗಿದೆ. ಇದರಿಂದ ಮೈಮೇಲಿನ ಸಾಲ ಕಡಿಮೆಯಾಯಿತು, ಒಳ್ಳೆಯದೇ. ಆದರೆ ಡಿಟಿಪಿ, ಕರಡು ತಿದ್ದುವುದು, ಮುಖಪುಟ, ಕಾಗದ, ಬೈಂಡಿಂಗ್, ಇಷ್ಟನ್ನೂ ಲೇಖಕರೇ ಹೊತ್ತುಕೊಂಡ ಮೇಲೆ, ಪುಸ್ತಕದ ಬೆಲೆ ಇನ್ನೂರು ರೂಪಾಯಿ ಎಂದಿಟ್ಟುಕೊಳ್ಳಿ. ಅಂಗಡಿಯವರಿಗೆ ನಲವತ್ತು ಪರ್ಸೆಂಟ್ ರಿಯಾಯಿತಿ ಎಂದರೆ ಎಂಬತ್ತು ರೂಪಾಯಿ ಹೋಯಿತು. ಸಣ್ಣ ಸಂಖ್ಯೆಯ ಮುದ್ರಣದಲ್ಲಿ ಪ್ರತಿಯೊಂದರ ಖರ್ಚು ಎಂಬತ್ತೋ ತೊಂಬತ್ತೋ ಬಂದರೆ, ಉಳಿಯುವುದು ಮೂವತ್ತು ನಲವತ್ತು, ಅದೂ ಅಂಗಡಿಯಲ್ಲಿ ಮಾರಿ ಹಣ ಕೈಗೆ ಬಂದ ಮೇಲೆ. ಅಂಗಡಿಯವರನ್ನು ನಾನು ದೂರುತ್ತಿಲ್ಲ. ಬಾಡಿಗೆ ಕಟ್ಟಿ, ಕನ್ನಡ ಪುಸ್ತಕಗಳನ್ನೇ ನಂಬಿ ಅಂಗಡಿ ಇಟ್ಟವರು ನಮ್ಮ ಸಂಗಾತಿಗಳು.

ಲೇಖಕರಿಂದಲೇ ನೇರವಾಗಿ ತರಿಸಿಕೊಳ್ಳುವುದು ಒಂದು ದಾರಿಯಾಗಿತ್ತು. ಅದಕ್ಕೂ ಒಂದು ಪೆಟ್ಟು ಬಿತ್ತು. ಪುಸ್ತಕಗಳಿಗೆಂದೇ ಕಡಿಮೆ ದರದಲ್ಲಿದ್ದ ರಿಜಿಸ್ಟರ್ಡ್ ಬುಕ್ ಪೋಸ್ಟ್ ಸೇವೆ 2024ರ ಡಿಸೆಂಬರಿನಲ್ಲಿ ನಿಂತುಹೋಯಿತು. ದೊಡ್ಡ ಪ್ರಕಾಶಕರಿಗೆ ಕೊರಿಯರ್ ಒಪ್ಪಂದಗಳಿರುತ್ತವೆ. ಗಂಗಾವತಿಯಲ್ಲೋ ಶಿರಸಿಯಲ್ಲೋ ಕುಳಿತು ಒಂದೊಂದೇ ಪ್ರತಿಯನ್ನು ಕಂದು ಕಾಗದದಲ್ಲಿ ಸುತ್ತಿ ಅಂಚೆಗೆ ಹಾಕುತ್ತಿದ್ದ ಕವಿಗೆ, ನೂರೈವತ್ತು ರೂಪಾಯಿಯ ಪುಸ್ತಕದ ಜೊತೆ ಸಾಗಣೆಯ ಖರ್ಚನ್ನೂ ಓದುಗರ ಮೇಲೆ ಹಾಕಬೇಕಾದ ಸಂಕಟ ಬಂತು. ಪುಸ್ತಕದ ಅಂಚೆ ದರದ ಬಗ್ಗೆ ನಮ್ಮ ಸಾಹಿತ್ಯ ಸಂಸ್ಥೆಗಳು ಒಕ್ಕೊರಲಿನಿಂದ ಕೇಳಬೇಕು. ಸಮ್ಮೇಳನಗಳ ನಿರ್ಣಯಗಳಲ್ಲಿ ಇದಕ್ಕೊಂದು ಸಾಲು ಇರಬೇಕು.

ಗೌರವ ಪ್ರತಿಯ ವಿಷಯವನ್ನೂ ಇಲ್ಲೇ ಹೇಳಬೇಕು. ಹೊಸ ಲೇಖಕರೊಬ್ಬರ ಪುಸ್ತಕ ಬಂದಾಗ ಮೊದಲ ಐವತ್ತು ಅರವತ್ತು ಪ್ರತಿಗಳು ಹಿರಿಯರಿಗೆ, ವಿಮರ್ಶಕರಿಗೆ, ಪತ್ರಿಕೆಗಳಿಗೆ ಹೋಗುತ್ತವೆ. ಪತ್ರಿಕೆಗೆ ಹೋದ ಪ್ರತಿಗೆ ‘ಸಾದರ ಸ್ವೀಕಾರ’ದಲ್ಲಿ ಒಂದು ಸಾಲು ಬರುತ್ತದೆ. ಹಿರಿಯರಿಗೆ ಹೋದ ಪ್ರತಿ ಎಷ್ಟೋ ಸಲ ಅಲ್ಲಿಗೇ ಮುಗಿಯುತ್ತದೆ. ನಾವು, ಅಂದರೆ ನಾಲ್ಕು ಪುಸ್ತಕ ಬರೆದು ಹೆಸರು ಮಾಡಿದವರು, ಹೊಸಬರ ಪುಸ್ತಕವನ್ನು ಬಿಟ್ಟಿಯಾಗಿ ಪಡೆಯುವ ಪದ್ಧತಿಯನ್ನು ಬಿಡಬೇಕು. ನಾನು ಕೊಂಡು ಓದುತ್ತೇನೆ. ಕಳಿಸಿದರೆ, ಬೆಲೆಯನ್ನು ಕಳಿಸಿಕೊಡುತ್ತೇನೆ. ನೂರೈವತ್ತು ರೂಪಾಯಿ ದೊಡ್ಡ ಮೊತ್ತವಲ್ಲ, ಆದರೆ ಬರೆಯುವವರಿಗೆ ತನ್ನ ಪುಸ್ತಕವನ್ನು ಇನ್ನೊಬ್ಬ ಲೇಖಕರು ದುಡ್ಡು ಕೊಟ್ಟು ಕೊಂಡರು ಎಂಬ ಸಂಗತಿ ಬೆನ್ನುಡಿಯ ಹತ್ತು ಹೊಗಳಿಕೆಗಿಂತ ಹೆಚ್ಚಿನ ಬಲ ಕೊಡುತ್ತದೆ.

ಸರ್ಕಾರದ ಯೋಜನೆಗಳಿಲ್ಲವೆ ಎಂದು ನೀವು ಕೇಳಬಹುದು. ಇವೆ. 1993ರಲ್ಲಿ ಆರಂಭವಾದ ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುತ್ತದೆ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಿಂದಾಗಿ ನಾವು ಕಟ್ಟುವ ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರವೂ ಸೇರಿರುತ್ತದೆ. ಅಂದರೆ ಊರಿನ ಗ್ರಂಥಾಲಯ ನಮ್ಮದೇ ದುಡ್ಡಿನದು. ಗ್ರಂಥಾಲಯಗಳಿಗಾಗಿ ನಡೆಯುವ ಸಗಟು ಖರೀದಿ ಸಣ್ಣ ಪ್ರಕಾಶಕರ ಪಾಲಿಗೆ ದೊಡ್ಡ ಆಸರೆ. ಅದು ತಡವಾದರೆ, ಒಂದು ವರ್ಷ ತಪ್ಪಿದರೆ, ಮುಂದಿನ ವರ್ಷದ ಹೊಸ ಪುಸ್ತಕಗಳೇ ನಿಲ್ಲುತ್ತವೆ. ಅದಕ್ಕೇ ಆ ಖರೀದಿ ಪ್ರತಿ ವರ್ಷ ನಿಯಮಿತವಾಗಿ ನಡೆಯಬೇಕೆಂದು ಕೇಳುವ ಹಕ್ಕು ಓದುಗರಿಗೂ ಇದೆ. ನಿಮ್ಮ ಓಣಿಯ ಗ್ರಂಥಾಲಯಕ್ಕೆ ಹೋದಾಗ, ಇಂಥವರ ಹೊಸ ಕವನ ಸಂಕಲನ ಬಂದಿದೆಯೇ ಎಂದು ಹೆಸರು ಹೇಳಿ ಕೇಳಿ. ಹತ್ತು ಜನ ಕೇಳಿದ ಪುಸ್ತಕ ಗ್ರಂಥಪಾಲಕರ ನೆನಪಿನಲ್ಲಿ ಉಳಿಯುತ್ತದೆ. ನಾನು ಮಾತಾಡಿದ ಗ್ರಂಥಪಾಲಕರಲ್ಲಿ ಹೆಚ್ಚಿನವರು ಇಂಥ ಪ್ರಶ್ನೆಗಾಗಿ ಕಾದಿದ್ದವರು.

ಇನ್ನು ಪಟ್ಟಿಗೆ ಸಂಬಂಧಿಸಿದ ಕಷ್ಟದ ಪ್ರಶ್ನೆ. ಜೊತೆಯವರನ್ನು ಬೆಂಬಲಿಸಬೇಕು ಎಂದರೆ ಎಲ್ಲವನ್ನೂ ಹೊಗಳಬೇಕೇ? ಪುಸ್ತಕ ಚೆನ್ನಾಗಿಲ್ಲದಿದ್ದರೆ?

ಈ ಬಗ್ಗೆ ನನ್ನ ನಿಲುವು ಸ್ಪಷ್ಟ. ಪೂರ್ತಿ ಓದದ ಪುಸ್ತಕ ನನ್ನ ಪಟ್ಟಿಗೆ ಬರುವುದಿಲ್ಲ. ನಾನು ಮುನ್ನುಡಿಯನ್ನೋ ಬೆನ್ನುಡಿಯನ್ನೋ ಬರೆದ ಪುಸ್ತಕವೂ ಬರುವುದಿಲ್ಲ, ಏಕೆಂದರೆ ಅದರ ಬಗ್ಗೆ ನಾನು ಒಮ್ಮೆ ಹೇಳಿಯಾಗಿದೆ. ಓದಿ ಮುಗಿಸಿ ಮನಸ್ಸಿಗೆ ಒಪ್ಪದಿದ್ದರೆ ಸಭೆಯಲ್ಲಿ ಹೇಳುವುದಿಲ್ಲ. 'ನಿಮ್ಮ ಮೂರನೆಯ ಕಥೆಯಲ್ಲಿ ಅಜ್ಜಿ ಮಾತಾಡುವಾಗ ನಿಮ್ಮ ಊರಿನ ಕನ್ನಡ ಬಂದಿದೆ, ಉಳಿದ ಕಡೆ ಅದು ಯಾಕೆ ಹಿಂದೆ ಸರಿಯಿತು?' ಎಂದು ಲೇಖಕರಿಗೇ ಕಾಗದ ಬರೆಯುತ್ತೇನೆ. ಹೊಗಳಿಕೆಯಿಂದ ಹೊಸಬರು ಹಾಳಾಗುತ್ತಾರೆ ಎಂಬ ಮಾತನ್ನು ಹಿರಿಯರ ಬಾಯಲ್ಲಿ ಕೇಳುತ್ತೇವೆ. ನಾನು ಕಂಡಿರುವುದು ಬೇರೆ. ಹೆಚ್ಚಿನವರು ಹಾಳಾಗುವುದು ಯಾರೂ ಏನೂ ಹೇಳದೆ ಇದ್ದಾಗ. ಮೊದಲ ಪುಸ್ತಕ ಬಂದು ಎರಡು ವರ್ಷವಾದರೂ ಒಬ್ಬರಿಂದಲೂ ಒಂದು ಸಾಲಿನ ಉತ್ತರ ಬರದಿದ್ದಾಗ ಅವರು ಎರಡನೆಯ ಪುಸ್ತಕ ಬರೆಯುವುದಿಲ್ಲ. ಕೆಲವರು ಗಟ್ಟಿ ಜೀವಗಳು, ಬರೆಯುತ್ತಾರೆ. ಎಲ್ಲರಿಂದಲೂ ಆ ಗಟ್ಟಿತನವನ್ನು ನಿರೀಕ್ಷಿಸುವುದು ಕ್ರೌರ್ಯ.

ಪಟ್ಟಿಗೆ ಇನ್ನೊಂದು ರೋಗವೂ ಅಂಟುತ್ತದೆ. ನಮ್ಮವರು, ನಮ್ಮ ಊರಿನವರು, ನಮ್ಮ ಜಾತಿಯವರು, ನಮ್ಮ ಪಂಥದವರು. ವರ್ಷದ ಕೊನೆಯ ಪಟ್ಟಿಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಬೆಂಗಳೂರು, ಮೈಸೂರು, ಧಾರವಾಡಗಳ ಹೆಸರುಗಳೇ ಸುತ್ತಿ ಸುತ್ತಿ ಬರುತ್ತವೆ. ಕಲಬುರಗಿ, ಯಾದಗಿರಿ, ಬೀದರ, ಚಾಮರಾಜನಗರ ಎಲ್ಲಿ? ಬ್ಯಾರಿ, ತುಳು, ಕೊಡವ, ಉರ್ದು ಮನೆಮಾತಿನಿಂದ ಬಂದು ಕನ್ನಡದಲ್ಲಿ ಬರೆಯುವವರು ಎಲ್ಲಿ? 2022ರಲ್ಲಿ ಯುವ ಪುರಸ್ಕಾರ ಪಡೆದ ದಾದಾಪೀರ್ ಜೈಮನ್ ಅವರ ‘ನೀಲಕುರಿಂಜಿ’ ಓದಿದಾಗ, ಕನ್ನಡ ಕಥೆಗೆ ಗೊತ್ತಿರದಿದ್ದ ಮನೆಗಳ ಬಾಗಿಲು ತೆರೆದಂತಾಗಿತ್ತು ನನಗೆ. ಅಂಥ ಬಾಗಿಲುಗಳು ಇನ್ನೂ ಬಹಳ ಇವೆ, ತಟ್ಟಿಕೊಂಡು ಹೋಗುವ ಕೆಲಸ ನಮ್ಮದು. ಓದುಗರ ಕೆಲಸ ಎಂದು ಬಿಟ್ಟರೆ ಆಗುವುದಿಲ್ಲ. ಯಾವ ಹೊಸ ಹೆಸರಿನಲ್ಲಿ ಕಸುವಿದೆ ಎಂಬುದು ಪತ್ರಿಕೆಗಳ ದೀಪಾವಳಿ ವಿಶೇಷಾಂಕದ ಕಥೆಗಳನ್ನು ಓದುವಾಗ, ಹಳ್ಳಿಯ ಕವಿಗೋಷ್ಠಿಯಲ್ಲಿ ಕುಳಿತಾಗ, ನಮಗೆ ಇತರರಿಗಿಂತ ಮೊದಲು ತಿಳಿಯುತ್ತದೆ. ಮೊದಲು ತಿಳಿದವರ ಮೇಲೆ ಮೊದಲು ಹೇಳುವ ಹೊಣೆಯೂ ಇದೆ.

ಹೇಳುವುದಾದರೆ ಪೂರ್ತಿ ಹೇಳಬೇಕು. ಪುರವಣಿಯ ಪಟ್ಟಿಯಲ್ಲಿ ಪುಸ್ತಕದ ಹೆಸರು, ಲೇಖಕರ ಹೆಸರು ಇಷ್ಟೇ ಬರುತ್ತದೆ. ಓದಬೇಕೆಂದು ಆಸೆಪಟ್ಟವರು ಎಲ್ಲಿ ಹುಡುಕಬೇಕು? ನನ್ನ ಪಟ್ಟಿಯಲ್ಲಿ ಪ್ರಕಾಶನದ ಹೆಸರು, ಊರು, ಬೆಲೆ, ಯಾವ ಅಂಗಡಿಯಲ್ಲಿ ಸಿಗುತ್ತದೆ ಎಂಬುದನ್ನು ಸೇರಿಸುತ್ತೇನೆ. ಯಾರಿಗೆ ಹಿಡಿಸಬಹುದು ಎಂದೂ ಒಂದು ಸಾಲು ಬರೆಯುತ್ತೇನೆ: ಇದು ರೈತರ ಮನೆಯವರಿಗೆ, ಇದು ಮಕ್ಕಳಿಗೆ ಗಟ್ಟಿಯಾಗಿ ಓದಿ ಹೇಳಲಿಕ್ಕೆ, ಇದು ಹೊಸದಾಗಿ ಕವಿತೆ ಓದಲು ಶುರು ಮಾಡಿದವರಿಗೆ. ಈ ಕೆಲಸಕ್ಕೆ ದೊಡ್ಡ ಪಾಂಡಿತ್ಯ ಬೇಡ. ಸಮಯ ಬೇಕು, ಪ್ರೀತಿ ಬೇಕು.

ಸಂಘಟಕರ ಅನುಮತಿ ಪಡೆದು ಎರಡು ಕೆಲಸ ಮಾಡಿದ್ದೇನೆ. ಈ ವರ್ಷದ ನನ್ನ ಪಟ್ಟಿಯ ಪ್ರತಿಗಳು ಬಾಗಿಲ ಬಳಿಯ ಮೇಜಿನ ಮೇಲಿವೆ. ಅದರಲ್ಲಿರುವ ಪುಸ್ತಕಗಳಲ್ಲಿ ಸಿಕ್ಕಷ್ಟನ್ನು ಲೇಖಕರಿಂದ, ಸಣ್ಣ ಪ್ರಕಾಶಕರಿಂದ ತರಿಸಿ ಪಕ್ಕದಲ್ಲೇ ಇಟ್ಟಿದ್ದೇವೆ. ಬೆಲೆಯಲ್ಲಿ ರಿಯಾಯಿತಿ ಇಲ್ಲ. ಪೂರ್ತಿ ಹಣ ಬರೆದವರಿಗೆ ಹೋಗುತ್ತದೆ. ಈ ಉಪನ್ಯಾಸಕ್ಕೆಂದು ದತ್ತಿಯ ಬಡ್ಡಿಯಿಂದ ಕೊಡುವ ಗೌರವಧನದಲ್ಲಿ ಇವೇ ಪುಸ್ತಕಗಳ ಒಂದೊಂದು ಪ್ರತಿಯನ್ನು ಕೊಂಡು, ಧಾರವಾಡ ತಾಲೂಕಿನ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿಗೆ ಕೊಡಬೇಕೆಂದು ಕೇಳಿಕೊಂಡಿದ್ದೆ. ದತ್ತಿ ಇರಿಸಿದ ಹಿರಿಯರು ಒಪ್ಪಿದ್ದಾರೆ, ಮುಂದಿನ ವರ್ಷದಿಂದ ಇದನ್ನು ರೂಢಿಯಾಗಿ ಮಾಡೋಣ ಎಂದೂ ಹೇಳಿದ್ದಾರೆ. ಅವರಿಗೆ ನನ್ನ ನಮಸ್ಕಾರ. ಪಟ್ಟಿಯಲ್ಲಿರುವ ಲೇಖಕರಲ್ಲಿ ಮೂವರು ಇವತ್ತು ನಮ್ಮ ಜೊತೆ ಇಲ್ಲೇ ಕುಳಿತಿದ್ದಾರೆ. ಚಹಾದ ಹೊತ್ತಿನಲ್ಲಿ ದಯವಿಟ್ಟು ಅವರನ್ನು ಮಾತಾಡಿಸಿ, ಅವರ ಪುಸ್ತಕಗಳನ್ನು ಕೈಗೆತ್ತಿಕೊಂಡು ನೋಡಿ.